ಬಿಳಿ ಟೇಪು ಸುತ್ತಿದ ಕೈ

"ಹಲೋ... ಹಲೋ, ಯಾರು ಮಾತಾಡೋದು?... ಯಾರು?... ಒಂಚೂರು ಇರಿ, ಬಾಯಲ್ಲಿ ಮೊಳೆ ಇದೆ..."

ಅವನು ತುಟಿ ನಡುವೆ ಕಚ್ಚಿಕೊಂಡಿದ್ದ ನಾಲ್ಕಾರು ಸಣ್ಣ ಮೊಳೆಗಳನ್ನು ಅಂಗೈಗೆ ಉಗಿದು, ಬೋರಲು ಮಲಗಿಸಿದ್ದ ಸೋಫಾದ ಮೇಲೆ ಸುತ್ತಿಗೆ ಇಟ್ಟ. ಹೊಟ್ಟೆಪಾಡಿಗೆ ಕುಶನ್ ಕೆಲಸ. ಆದರೆ ಕುಶನ್‌ನವನು ಎಂದು ಅವನನ್ನು ಯಾರೂ ಕರೆಯುವುದಿಲ್ಲ. ವಾರಕ್ಕೆರಡು ಸಂಜೆ, ಮತ್ತೆ ಪ್ರತಿ ಭಾನುವಾರ, ಕೆಸರಲ್ಲಿ ನಿಂತು ಹದಿನೈದು ಜನ ಧಡಿಯರ ಮೇಲೆ ಕೂಗಾಡಿ ಗಂಟಲು ಹರಿದುಕೊಂಡ ಪುಣ್ಯಕ್ಕೆ ಎಲ್ಲರ ಬಾಯಲ್ಲೂ ಅವನು ಕೋಚ್. ಯಾರಿಗೂ ಸಂಬಳವಿಲ್ಲದ ರಗ್ಬಿ ಕ್ಲಬ್ಬಿಗೆ ಸಂಬಳವಿಲ್ಲದ ಕೋಚ್. ಅಂಗಡಿಯ ಆ ತುದಿಯ ದೊಡ್ಡ ಮೇಜಿನ ಮೇಲೆ ಮಗಳು ರೆಕ್ಸಿನ್ ಹಾಸಿಕೊಂಡು, ಸೀಮೆಸುಣ್ಣದ ಗೆರೆ ಹಿಡಿದು ಕತ್ತರಿಸುತ್ತಿದ್ದಳು.

"ಓ, ಮೇಷ್ಟ್ರಾ! ನಮಸ್ಕಾರ ಮೇಷ್ಟ್ರೇ. ನಂಬರ್ ಬೇರೆ ಇತ್ತಲ್ಲ, ಗೊತ್ತಾಗ್ಲಿಲ್ಲ... ಹಾಂ, ಸೊಸೆ ಫೋನಾ... ಇದೀನಿ, ಹೀಗೇ ಇದೀನಿ. ಚೆನ್ನಾಗಿದೀನಿ ಅನ್ಬೇಕು, ಅಂತೀನಿ. ಅಷ್ಟೇ..."

ಮೇಷ್ಟ್ರು ಒಂದು ಕಾಲದಲ್ಲಿ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತ, ರಜೆಯ ದಿನ ಸೀಟಿ ಕಚ್ಚಿಕೊಂಡು ರಗ್ಬಿ ರೆಫ್ರಿ ಆಗಿದ್ದವರು. ಈಗ ಎರಡರಿಂದಲೂ ನಿವೃತ್ತರಾಗಿ ರಗ್ಬಿ ಸಂಘದ ಶಿಸ್ತು ಸಮಿತಿಗೆ ಅಧ್ಯಕ್ಷರು. ಅವರು ಸುಮ್ಮನೆ ಕ್ಷೇಮ ಸಮಾಚಾರಕ್ಕೆ ಫೋನ್ ಮಾಡುವ ಪೈಕಿಯಲ್ಲ. ಭಾನುವಾರದ ಸೆಮಿಫೈನಲ್ ಮುಗಿದಾಗಿನಿಂದ ಈ ಫೋನು ಬರುತ್ತದೆ ಎಂದು ಕೋಚ್‌ಗೆ ಗೊತ್ತಿತ್ತು. ಬರದೇ ಇದ್ದರೆ ಎಷ್ಟು ಚೆನ್ನ ಎಂದೂ ಅನಿಸಿತ್ತು.

"ಎಲ್ಲಿದೀರಿ? ಏನೋ ಗದ್ದಲ ಕೇಳಿಸ್ತಾ ಇದೆ... ಆಸ್ಪತ್ರೆಲಾ? ಯಾಕೆ, ನಿಮಗೇನಾಯ್ತು?... ಓ. ಅವನನ್ನ ನೋಡೋಕಾ... ಹೂಂ. ಹೇಗಿದಾನೆ?... ಕಣ್ಣಿನ ಕಟ್ಟು ಇನ್ನೂ ಬಿಚ್ಚಿಲ್ವಾ... ಡಾಕ್ಟ್ರು ಏನಂತಾರೆ?... ಕಾಣುತ್ತೆ ಅಂದ್ರಾ, ಕಾಣಬಹುದು ಅಂದ್ರಾ?... ಕಾಣಬಹುದು. ಹೂಂ..."

"ಏನು ಕೆಲಸ ಅವನದು?... ಟೈಲ್ಸ್ ಹಾಕ್ತಾನಾ? ನನಗೆ ಗೊತ್ತೇ ಇರ್ಲಿಲ್ಲ ನೋಡಿ. ಎದುರು ಟೀಮಿನ ಒಂಬತ್ತನೇ ನಂಬರ್ ಅಂತ ಅಷ್ಟೇ ಗೊತ್ತು... ಹೌದು ಹೌದು, ಅಂಚಿಗೆ ಅಂಚು ಕೂರಿಸೋ ಕೆಲಸ. ಕಣ್ಣೇ ಬಂಡವಾಳ... ಯಾರು, ತಾಯಿನಾ? ಅಲ್ಲೇ ಕೂತಿದಾರಾ?... ಬೇಡ ಮೇಷ್ಟ್ರೇ, ಇನ್ನು ಹೇಳ್ಬೇಡಿ. ಸಾಕು..."

ಭಾನುವಾರ ನಡೆದದ್ದು ಇಷ್ಟು. ಆಟ ಮುಗಿಯುವುದಕ್ಕೆ ಇನ್ನೇನು ಸ್ವಲ್ಪ ಹೊತ್ತಿತ್ತು, ಕೋಚ್‌ನ ಟೀಮು ಕೂದಲೆಳೆಯಷ್ಟು ಮುಂದಿತ್ತು. ಚೆಂಡಿನ ಮೇಲೆ ಒಬ್ಬ ಬಿದ್ದ, ಅವನ ಮೇಲೆ ಇನ್ನೊಬ್ಬ, ಹೀಗೆ ಹತ್ತು ಹನ್ನೆರಡು ಜನ ರಾಶಿ ಬಿದ್ದರು. ಅಡಿಯಿಂದ ಒಂದು ಕೂಗು ಬಂತು. ರೆಫ್ರಿ ಬಗ್ಗಿ ನೋಡಿದಾಗ ಕಂಡದ್ದು ಒಂದೇ ಒಂದು ಕೈ. ಮಣಿಕಟ್ಟಿಗೆ ಬಿಳಿ ಟೇಪು ಸುತ್ತಿದ ಕೈ. ಅದರ ಎರಡು ಬೆರಳು ಒಂಬತ್ತನೇ ನಂಬರಿನವನ ಕಣ್ಣಲ್ಲಿದ್ದವು. ಮುಖ ಕಾಣಲಿಲ್ಲ, ಬೆನ್ನಿನ ನಂಬರಂತೂ ಕೆಸರಲ್ಲಿ ಮುಳುಗಿತ್ತು. ರಾಶಿ ಎದ್ದ ಮೇಲೆ ರೆಫ್ರಿ ಒಬ್ಬೊಬ್ಬರ ಕೈ ನೋಡುತ್ತ ಬಂದು ಮೂರನೇ ನಂಬರಿನವನ ಎದುರು ನಿಂತು ಕೆಂಪು ಕಾರ್ಡ್ ಎತ್ತಿದ. ಮೂರನೇ ನಂಬರ್ ಎಂದರೆ ಕ್ಲಬ್ಬಿನ ಡ್ರೈವರಣ್ಣ. ವಾರವೆಲ್ಲ ಶಾಲೆಯ ಬಸ್ಸು ಓಡಿಸುವವನು, ಹಳೆಯ ಉಳುಕಿಗಾಗಿ ಯಾವಾಗಲೂ ಮಣಿಕಟ್ಟಿಗೆ ಟೇಪು ಸುತ್ತಿಕೊಂಡೇ ಆಡುವವನು. ಅವನು ಒಂದು ಸಲ ತಮ್ಮ ಕ್ಯಾಪ್ಟನ್ ಮುಖ ನೋಡಿದ, ತಲೆ ತಗ್ಗಿಸಿದ, ಗೆರೆ ದಾಟಿ ಆಚೆ ಬಂದ.

"ಇಲ್ಲ, ನಮ್ಮ ಕಡೆಯಿಂದ ತಪ್ಪಾಗಿದೆ, ನಾನೇನು ಇಲ್ಲ ಅನ್ನಲ್ಲ. ಆದ್ರೆ ಮೇಷ್ಟ್ರೇ, ಅವರೇನು ಸಾಚಾಗಳಾ? ಮೊದಲನೇ ನಿಮಿಷದಿಂದ ನಮ್ಮೋರ ಜರ್ಸಿ ಹಿಡಿದು ಜಗ್ಗೋದು, ಕೆಳಗೆ ಬಿದ್ದಾಗ ಚಿವುಟೋದು, ಪಕ್ಕೆಗೆ ಮೊಣಕೈ ಇಡೋದು. ರೆಫ್ರಿ ಆ ಕಡೆ ತಿರುಗಿದ ತಕ್ಷಣ ಅವ್ವ ಅಕ್ಕ ಎಲ್ಲ ಬಯ್ಯೋದು. ನೀವೇ ನೋಡಿದೀರಲ್ಲ... ಅಲ್ವಾ?... ಹಾಂ, ಅದೂ ಸರಿ. ಚಿವುಟಿದ್ದಕ್ಕೆ ಯಾರಾದ್ರೂ ಕಣ್ಣು ಕೀಳ್ತಾರಾ..."

"ನನಗೂ ಸಾಕಾಗಿ ಹೋಗಿದೆ ಮೇಷ್ಟ್ರೇ, ನಿಜ ಹೇಳ್ತೀನಿ. ಯಾವ ಸುಖಕ್ಕೆ ಇದೆಲ್ಲ? ಭಾನುವಾರ ಆಡಿ ಸೋಮವಾರ ಎಲ್ರೂ ಕೆಲಸಕ್ಕೆ ಹೋಗಬೇಕು. ಒಬ್ಬ ಬೀಗ ರಿಪೇರಿ, ಒಬ್ಬ ಕಾಂಪೌಂಡರ್, ಒಬ್ಬ ಗಾರೆ ಕೆಲಸ. ಗೆದ್ರೆ ಒಂದು ತಗಡಿನ ಕಪ್ಪು, ಅದನ್ನ ಇಡೋಕೆ ನಮ್ಮ ಹತ್ರ ಒಂದು ಕಪಾಟೂ ಇಲ್ಲ. ಅದಕ್ಕೋಸ್ಕರ ಒಬ್ಬನ ಕಣ್ಣಿಗೆ ಕೈ ಹಾಕ್ತಾರಲ್ಲ... ಹೂಂ... ಹೂಂ, ಹೇಳಿ, ಕೇಳ್ತಾ ಇದೀನಿ..."

ಮಗಳು ಕತ್ತರಿ ನಿಲ್ಲಿಸಿ, ಯಾರು ಎನ್ನುವಂತೆ ಹುಬ್ಬು ಹಾರಿಸಿದಳು. ಅವನು ಫೋನಿಗೆ ಅಂಗೈ ಅಡ್ಡ ಹಿಡಿದ.

"ಮೇಷ್ಟ್ರು ಕಣಮ್ಮ. ಅದೇ, ಭಾನುವಾರದ್ದು. ನೀನು ಕೆಲಸ ನೋಡು."

ಅವಳು ಭಾನುವಾರ ಮೈದಾನಕ್ಕೆ ಬಂದಿರಲಿಲ್ಲ. ಮದುವೆಯಾದ ಹೊಸದರಲ್ಲಿ ಒಂದೆರಡು ಸಲ ಬಂದು, ಗಂಡ ಒದೆ ತಿನ್ನುವುದನ್ನು ನೋಡಲು ಬಸ್ ಚಾರ್ಜು ಬೇರೆ ಕೇಡು ಎಂದು ಬಿಟ್ಟುಬಿಟ್ಟಿದ್ದಳು. ಡ್ರೈವರಣ್ಣ ಯಾರದೋ ಕಣ್ಣಿಗೆ ಕೈ ಹಾಕಿದನಂತೆ ಎಂದು ಗಂಡ ಮನೆಗೆ ಬಂದು ಹೇಳಿದಾಗ, ಛೆ, ಅಂಥ ಹಸುವಿನಂಥ ಮನುಷ್ಯನಾ ಎಂದು ಮತ್ತೆ ಮತ್ತೆ ಕೇಳಿದ್ದಳು. ಕೋಚ್ ಆಗ ತಟ್ಟೆ ನೋಡುತ್ತ ಕೂತಿದ್ದ.

"ಸಮಿತಿ ಇವತ್ತು ಸಂಜೆನೇನಾ?... ಅಷ್ಟು ಬೇಗ?... ವಿಚಾರಣೆ ಬೇಡ್ವಾ ಹಾಗಾದ್ರೆ?... ಯಾಕೆ ಬೇಡ?... ಅವನೇ ಒಪ್ಕೊಂಡಿದಾನಾ! ಡ್ರೈವರಣ್ಣನಾ? ಯಾವಾಗ?... ಏನಂದ, ಸರಿಯಾಗಿ ಹೇಳಿ... 'ರೆಫ್ರಿ ಹೇಳಿದ ಮೇಲೆ ಮುಗೀತು' ಅಂದ್ನಾ. ಆಮೇಲೆ?... ಆಮೇಲೆ ಏನೂ ಹೇಳ್ಲಿಲ್ವಾ?... ನಾನು ಮಾಡಿದೆ ಅಂತ ಬಾಯಿ ಬಿಟ್ಟು ಅಂದ್ನಾ?... ಅಂದಿಲ್ಲ. ಅಲ್ವಾ? ಅದು ಒಪ್ಕೊಂಡ ಹಾಗಾ ಮೇಷ್ಟ್ರೇ?..."

ಅದು ಡ್ರೈವರಣ್ಣನ ಮಾತಾಗಿರಲಿಲ್ಲ. ಕೋಚ್‌ನದೇ ಮಾತು. ಕ್ಲಬ್ಬು ಶುರುವಾದಾಗಿನಿಂದ ಅವನು ಪ್ರತಿಯೊಬ್ಬನ ತಲೆಗೂ ಅರೆದು ಹುಯ್ದಿದ್ದು: ಕಾರ್ಡ್ ಎತ್ತಿದರೆ ಕಮಕ್ ಕಿಮಕ್ ಅನ್ನದೆ ಹೊರಗೆ ಬರಬೇಕು. ತಪ್ಪಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ರೆಫ್ರಿ ಹತ್ತಿರ ಬಾಯಿ ಬಿಡುವ ಹಕ್ಕು ಕ್ಯಾಪ್ಟನ್‌ಗೆ ಮಾತ್ರ. ಒಮ್ಮೆ ಬೀಗ ರಿಪೇರಿಯವನು ವಾದಕ್ಕೆ ನಿಂತನೆಂದು ಹೆಗಲ ಮೇಲೆ ಮರಳಿನ ಚೀಲ ಹೊರಿಸಿ ಮೈದಾನ ಸುತ್ತಿಸಿದ್ದ. ಬೇರೆ ಟೀಮುಗಳಲ್ಲಿ ರೆಫ್ರಿಯ ಅಂಗಿ ಹಿಡಿಯುತ್ತಿದ್ದ ಕಾಲದಲ್ಲಿ ತನ್ನವರು ಮಾತ್ರ ಕುರಿಗಳ ಹಾಗೆ ತಲೆ ತಗ್ಗಿಸಿ ಬರುವುದನ್ನು ನೋಡಿ ಅವನು ಮೀಸೆ ಮೇಲೆ ಕೈಯಾಡಿಸುತ್ತಿದ್ದ. ಡ್ರೈವರಣ್ಣ ಅದನ್ನೇ ಮಾಡಿದ್ದ. ಕ್ಯಾಪ್ಟನ್ ಮುಖ ನೋಡಿದ್ದು, ನೀನು ಹೇಳು ಎಂದು. ಕ್ಯಾಪ್ಟನ್ ಹೇಳಲಿಲ್ಲ.

"ಎಷ್ಟು ವರ್ಷ?... ಎರಡು ವರ್ಷನಾ! ಅವನ ವಯಸ್ಸಿಗೆ ಎರಡು ವರ್ಷ ಅಂದ್ರೆ ಆಟ ಮುಗೀತು ಅಂತಲೇ ಲೆಕ್ಕ... ಹೂಂ, ಗೊತ್ತು, ಕಣ್ಣಿನ ವಿಷಯ. ನಾನು ಕಡಿಮೆ ಮಾಡಿ ಅಂತಿಲ್ಲ. ಯಾರು ಮಾಡಿದಾರೋ ಅವರಿಗೆ ಹತ್ತು ವರ್ಷ ಹಾಕಿ, ನಾನು ಬೇಡ ಅನ್ನಲ್ಲ... ಏನಿಲ್ಲ. ಏನಿಲ್ಲ, ಸುಮ್ನೆ ಹಾಗಂದೆ..."

"ಯಾರು ಫೋನ್ ಮಾಡಿದ್ರು?... ಸ್ಕೂಲಿನೋರಾ? ನಿಮಗೇನಾ?... ಅವರಿಗೆ ಹೇಗೆ ಗೊತ್ತಾಯ್ತು?... ವೀಡಿಯೋನಾ. ಯಾರೋ ಹಾಕಿದಾರಾ. ಅದರಲ್ಲಿ ಕೆಂಪು ಕಾರ್ಡ್ ತಗೊಂಡು ಹೋಗೋದು ಮಾತ್ರ ಇರುತ್ತೆ, ಅಲ್ವಾ... ಹಾಂ... ಮಕ್ಕಳ ತಂದೆತಾಯಿಗಳು. ಹೂಂ, ಅವರನ್ನ ತಪ್ಪು ಅನ್ನೋಕಾಗಲ್ಲ. ಕಣ್ಣು ಕೀಳೋನ ಕೈಗೆ ಮಕ್ಕಳನ್ನ ಯಾರು ಕೊಡ್ತಾರೆ... ಮತ್ತೆ ಸ್ಕೂಲಿನೋರು ಏನಂತಾರೆ?... ನಿಮ್ಮ ತೀರ್ಮಾನಕ್ಕೆ ಕಾಯ್ತಿದಾರಾ?... ಹಾಗಾದ್ರೆ ನೀವು ಇವತ್ತು ಸಂಜೆ ಅವನೇ ಅಂದ್ರೆ, ನಾಳೆ ಅವನ ಕೆಲಸ ಹೋಯ್ತು. ಅಷ್ಟೇ ತಾನೆ?..."

ಬೆಳಿಗ್ಗೆ ಡ್ರೈವರಣ್ಣ ಅಂಗಡಿಗೆ ಬಂದಿದ್ದ. ಟೀಮಿನ ಜರ್ಸಿ ಒಗೆಯುವುದು ಸರದಿಯ ಕೆಲಸ. ಈ ವಾರ ಅವನ ಸರದಿ. ಹದಿನೈದೂ ಜರ್ಸಿ ಒಗೆದು, ಒಣಗಿಸಿ, ಮಡಿಸಿ, ನಂಬರ್ ಪ್ರಕಾರ ಜೋಡಿಸಿ ಚೀಲದಲ್ಲಿ ತಂದಿದ್ದ. ಸಾಲದ್ದಕ್ಕೆ ಎರಡನೇ ನಂಬರಿನ ಜರ್ಸಿ ಕಂಕುಳಲ್ಲಿ ಹರಿದಿದ್ದನ್ನೂ ಹೊಲಿದಿದ್ದ. ಎರಡನೇ ನಂಬರ್ ಕ್ಯಾಪ್ಟನ್‌ನದು. ಬಸ್ಸಿಗೆ ಹೋಗಲಿಲ್ಲವಾ ಎಂದು ಕೋಚ್ ಕೇಳಿದ್ದಕ್ಕೆ, ಸ್ವಲ್ಪ ದಿನ ಬರಬೇಡ ಅಂದಿದ್ದಾರೆ ಕೋಚ್ ಎಂದು ನಕ್ಕ. ಅಳುವ ಮುಖದಲ್ಲಿ ನಕ್ಕರೆ ಹೇಗಿರುತ್ತದೋ ಹಾಗೆ. ಆ ಪೆಟ್ಟು ತಿಂದವನು ಹೇಗಿದ್ದಾನಂತೆ ಎಂದು ಕೇಳಿದ. ಹೋಗಿ ನೋಡಿಬರೋಣ ಅಂದುಕೊಂಡೆ, ಬಾಗಿಲಲ್ಲೇ ಹೊಡೆದಾರು ಅಂತ ಹೋಗಲಿಲ್ಲ ಎಂದ. ನಾನಲ್ಲ ಎಂಬ ಒಂದು ಮಾತನ್ನು ಅವನು ಆಗಲೂ ಆಡಲಿಲ್ಲ. ಆಡಿದ್ದರೆ ಕೋಚ್‌ಗೆ ಎಷ್ಟೋ ಹಗುರವಾಗುತ್ತಿತ್ತು.

"ನಾನು ಏನು ಹೇಳ್ಬೇಕು ಹೇಳಿ... ಕೋಚ್ ಒಪ್ಪಿಗೆ. ಹೂಂ. ಆ ಟೇಪಿನ ಕೈ ನಮ್ಮ ಮೂರನೇ ನಂಬರಿಂದೇ ಅಂತ... ಒಂದು ಹೂಂ ಅಂದ್ರೆ ಸಾಕಾ?... ಬರೆದೂ ಕೊಡೋದು ಬೇಡ್ವಾ... ಎಷ್ಟು ಸಲೀಸು ಮಾಡ್ಬಿಟ್ರಿ ಮೇಷ್ಟ್ರೇ... ಹಲೋ?... ಹಲೋ, ಕಟ್ ಕಟ್ ಆಗ್ತಾ ಇದೆ... ಹಾಂ, ಈಗ ಕೇಳಿಸ್ತು. ಲಿಫ್ಟ್ ಹತ್ರ ಇದೀರಾ? ಸ್ವಲ್ಪ ಈಚೆ ಬನ್ನಿ..."

ಆ ದಿನ ಟೀಮಿನಲ್ಲಿ ಟೇಪು ಸುತ್ತಿದ ಮಣಿಕಟ್ಟು ಎರಡಿದ್ದವು. ಮೇಷ್ಟ್ರಿಗಾಗಲಿ ರೆಫ್ರಿಗಾಗಲಿ ಗೊತ್ತಿಲ್ಲದ ಈ ಸಂಗತಿ ಕೋಚ್‌ಗೆ ಗೊತ್ತಿತ್ತು, ಏಕೆಂದರೆ ಎರಡನೆಯದನ್ನು ಅವನೇ ಸುತ್ತಿದ್ದ. ಆಟದ ನಡುವಿನ ವಿರಾಮದಲ್ಲಿ ಕ್ಯಾಪ್ಟನ್ ಕೈ ಉಳುಕಿತು ಮಾವ ಎಂದು ಮಣಿಕಟ್ಟು ಚಾಚಿದ್ದ. ಕ್ಯಾಪ್ಟನ್ ಬೇರೆ ಯಾರೂ ಅಲ್ಲ, ಅಳಿಯಂದಿರು, ಈ ಮಗಳ ಗಂಡ. ಮೈದಾನದ ಒಳಗೆ ಏಯ್ ಎಂದು ಗದರುವ, ಮನೆಯಲ್ಲಿ ಮೊದಲ ತುತ್ತು ಅವರು ಎತ್ತಲಿ ಎಂದು ಕಾಯುವ ಅಳಿಯಂದಿರು. ಸೋಫಾಕ್ಕೆ ಪಟ್ಟಿ ಬಿಗಿಯುವ ಕೈಯಲ್ಲಿ ಕೋಚ್ ಆ ಟೇಪನ್ನು ಬಿಗಿಯಾಗಿ ಸುತ್ತಿದ್ದ. ಹಾಗೆ ತಾನಾಗಿ ಬಿಚ್ಚುವಂಥದ್ದಲ್ಲ. ರಾಶಿ ಎದ್ದಾಗ, ರೆಫ್ರಿ ಎಲ್ಲರ ಕೈ ನೋಡುವುದಕ್ಕೆ ಮೊದಲು, ಅಳಿಯಂದಿರು ಬೂಟಿನ ಲೇಸು ಕಟ್ಟಲು ಬಗ್ಗಿದರು. ಎದ್ದಾಗ ಮಣಿಕಟ್ಟು ಬೋಳಾಗಿತ್ತು, ಕಾಲುಚೀಲ ಒಂದು ಕಡೆ ಉಬ್ಬಿತ್ತು. ಗೆರೆಯಾಚೆ ನಿಂತಿದ್ದ ಕೋಚ್ ಅದನ್ನು ಕಣ್ಣಾರೆ ಕಂಡ.

ರಾತ್ರಿ ಊಟಕ್ಕೆ ಕೂತಾಗ, ಟೇಪು ಏನಾಯ್ತು ಎಂದು ಕೇಳಿದ್ದ. ಬಿಚ್ಚಿಹೋಯ್ತು ಮಾವ ಎಂದರು. ಕೋಚ್ ಮುಖ ನೋಡುತ್ತಲೇ ಇದ್ದದ್ದು ಕಂಡು, ರೆಫ್ರಿ ಹೇಳಿದ ಮೇಲೆ ಮುಗೀತಲ್ಲ ಮಾವ, ನೀವೇ ಹೇಳಿಕೊಟ್ಟದ್ದು ಎಂದು ನೀರು ಕುಡಿದರು. ಮಗಳು ಒಳಗಿನಿಂದ ಬರುತ್ತಿದ್ದಳು. ಕೋಚ್ ಮಾತು ಬದಲಿಸಿ ಸಾರು ಕೇಳಿದ. ಅಂದಿನಿಂದ ಅವನಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ.

"ಇಲ್ಲ, ಯೋಚನೆ ಏನಿಲ್ಲ... ಫೈನಲ್ಲಿಗಾ? ತಯಾರಿ ನಡೀತಾ ಇದೆ, ನಡೀತಾ ಇದೆ... ಯಾರು, ಅಳಿಯಂದಿರಾ? ಇದಾರೆ. ಅವರಿಗೇನು... ಹಾಂ?... ಎಲ್ಲಿಗೆ ಬಂದಿದ್ರು?... ಆಸ್ಪತ್ರೆಗಾ? ನಮ್ಮ ಅಳಿಯಂದಿರಾ?... ನಿನ್ನೆ?..."

ಅಳಿಯಂದಿರು ಎಂಬ ಮಾತು ಕಿವಿಗೆ ಬಿದ್ದು ಮಗಳು ತಲೆ ಎತ್ತಿದಳು.

"ಹಣ್ಣು ತಂದಿದ್ರಾ... ಹೂಂ... ತಾಯಿ ಕಾಲು ಮುಟ್ಟಿದ್ರಾ!... ಏನಂದ್ರು?... ಇನ್ನೊಂದ್ಸಲ ಹೇಳಿ ಮೇಷ್ಟ್ರೇ... 'ನಮ್ಮವನು ಮಾಡಿದ ತಪ್ಪಿಗೆ ಕ್ಯಾಪ್ಟನ್ ಆಗಿ ನಾನು ಕ್ಷಮೆ ಕೇಳ್ತೀನಿ' ಅಂತಾ?... ಡ್ರೈವರಣ್ಣನ ಹೆಸರು ಹೇಳಿದ್ರಾ?... ಹೇಳಿದ್ರು. ಹೂಂ..."

ಮಗಳ ಮುಖ ಅರಳಿತು. ಆ ಹಣ್ಣನ್ನು ಅವಳೇ ಅಂಗಡಿಗೆ ಹೋಗಿ ಆರಿಸಿ ತಂದುಕೊಟ್ಟಿದ್ದಳು. ಯಾರೋ ಮಾಡಿದ ತಪ್ಪಿಗೆ ಇವರು ಹೋಗಿ ತಲೆ ಬಗ್ಗಿಸುತ್ತಾರಲ್ಲ ಎಂದು ನಿನ್ನೆಯೆಲ್ಲ ಗಂಡನ ಬಗ್ಗೆ ಅಭಿಮಾನಪಟ್ಟಿದ್ದಳು. ಈಗ ಅಪ್ಪನ ಬಾಯಲ್ಲೂ ಅದನ್ನು ಕೇಳಿ, ಹೌದಪ್ಪ, ನಾನೇ ಕೊಟ್ಟು ಕಳಿಸಿದೆ ಎಂದು ಮೆಲ್ಲಗೆ ಹೇಳಿದಳು. ಕೋಚ್ ಅವಳಿಂದ ಮುಖ ತಿರುಗಿಸಿದ. ಕಣ್ಣಿಗೆ ಬೆರಳು ಹಾಕಿದ್ದನ್ನು ಆಟದ ಬಿಸಿ ಎಂದು ನುಂಗಬಹುದಿತ್ತೇನೋ. ಟೇಪು ಬಚ್ಚಿಟ್ಟದ್ದನ್ನೂ ಭಯ ಎನ್ನಬಹುದಿತ್ತು. ಆದರೆ ಅದೇ ಕೈಯಲ್ಲಿ ಹಣ್ಣಿನ ಚೀಲ ಹಿಡಿದು, ಆ ತಾಯಿಯ ಮುಂದೆ ನಿಂತು ಇನ್ನೊಬ್ಬನ ಹೆಸರು ಹೇಳಿ ಬಂದದ್ದನ್ನು ಏನೆಂದು ನುಂಗುವುದು?

"ಏನು ಕೊಡ್ತೀರಾ?... ಯಾವ ಬಹುಮಾನ?... ಒಳ್ಳೆ ನಡತೆದಾ? ನಮ್ಮ ಕ್ಯಾಪ್ಟನ್‌ಗಾ? ಫೈನಲ್ ದಿನಾನಾ?... ಇಲ್ಲ ಮೇಷ್ಟ್ರೇ, ಖುಷಿ ಆಗ್ದೆ ಏನು... ನಗ್ತಾ ಇಲ್ಲ. ಕೆಮ್ಮು..."

"ಮೇಷ್ಟ್ರೇ, ನಿಮಗೊಂದು ಮಾತು ಕೇಳ್ತೀನಿ. ನೀವು ಅಷ್ಟು ವರ್ಷ ಸೀಟಿ ಊದಿದೀರಿ. ಡ್ರೈವರಣ್ಣಂಗೆ ಯಾವತ್ತಾದ್ರೂ ಒಂದು ಕಾರ್ಡ್ ತೋರಿಸಿದೀರಾ?... ಜ್ಞಾಪಿಸ್ಕೊಳ್ಳಿ... ಇಲ್ಲ ಅಲ್ವಾ. ಕೆಳಗೆ ಬಿದ್ದೋನ ಮೇಲೆ ಕಾಲಿಡ್ಬಾರ್ದು ಅಂತ ಹಾರಿ ಹೋಗಿ ತಾನೇ ಬೀಳ್ತಿದ್ನಲ್ಲ, ನೀವೇ ನಗ್ತಿದ್ರಿ... ಅದೇ ನಾನೂ ಹೇಳ್ತಿರೋದು. ಹಂಗಾದ್ರೆ ನಿಮಗೆ ಅನುಮಾನ ಬರ್ಲಿಲ್ವಾ?... ಬಂತಾ? ಮತ್ತೆ?... ಹೂಂ. ನನ್ನ ಬಾಯಿಂದ ಕೇಳೋಣ ಅಂತ ಮಾಡಿದ್ರಾ ಫೋನು..."

ಅವನು ಎದ್ದು ಅಂಗಡಿಯ ಬಾಗಿಲ ತನಕ ಹೋಗಿ ವಾಪಸ್ ಬಂದ. ಸೋಫಾದ ಬೆತ್ತಲೆ ಸ್ಪ್ರಿಂಗುಗಳ ಮೇಲೆ ಕೈ ಊರಿ ನಿಂತ. ಹೂಂ ಎಂದರೆ ಮುಗಿಯಿತು. ಡ್ರೈವರಣ್ಣ ಏನೂ ಅನ್ನುವುದಿಲ್ಲ, ಮುಂದಿನ ಸರದಿಗೂ ಜರ್ಸಿ ಒಗೆದು ತರುತ್ತಾನೆ. ಕ್ಲಬ್ಬು ಫೈನಲ್ ಆಡುತ್ತದೆ, ಅಳಿಯಂದಿರು ಬಹುಮಾನ ತರುತ್ತಾರೆ, ಮಗಳು ಅದನ್ನು ಹೊಳೆಯುವಂತೆ ಒರೆಸಿ ಇಡುತ್ತಾಳೆ. ಅದನ್ನು ದಿನಾ ನೋಡಿಕೊಂಡು ಬದುಕಬೇಕಾದವನು ತಾನು. ಅವನಿಗೆ ಸಿಟ್ಟೂ ಬರಲಿಲ್ಲ. ಸುಸ್ತು, ಎಲುಬಿಗೆ ಇಳಿದಂಥ ಸುಸ್ತು.

"ಅಮ್ಮಾ, ನೀನು ಸ್ವಲ್ಪ ಒಳಗೆ ಹೋಗ್ತೀಯಾ?"

"ಯಾಕಪ್ಪ?"

"ಹೋಗು ಅಂದೆ."

ಅವಳು ಹೋಗಲಿಲ್ಲ. ಕತ್ತರಿ ಕೆಳಗಿಟ್ಟು ಮೇಜಿನ ಈಚೆ ಬಂದು ನಿಂತಳು. ಇಷ್ಟು ಹೊತ್ತು ಅವಳಿಗೆ ಕೇಳಿಸಿದ್ದು ಅಪ್ಪನ ಅರ್ಧ ಮಾತು. ಉಳಿದರ್ಧ ಅವಳಿಗೀಗ ಬೇಕಾಗಿತ್ತು.

"ಇಲ್ಲ ಮೇಷ್ಟ್ರೇ, ಇದೀನಿ. ಮಗಳ ಹತ್ರ ಮಾತಾಡ್ತಿದ್ದೆ... ಏನು? ಲಿಫ್ಟ್ ಬಂತಾ? ಹತ್ತಬೇಡಿ, ಒಂದು ನಿಮಿಷ ನಿಂತ್ಕೊಳ್ಳಿ... ಸಂಜೆ ತನಕ ಬೇಡ. ಸಂಜೆ ಹೊತ್ತಿಗೆ ನನ್ನ ಧೈರ್ಯ ಇರುತ್ತೋ ಇಲ್ವೋ. ಈಗಲೇ ಕೇಳಿ..."

"ಡ್ರೈವರಣ್ಣ ಅಲ್ಲ... ಅಲ್ಲ ಅಂದೆ ಮೇಷ್ಟ್ರೇ. ಮೂರನೇ ನಂಬರ್ ಅಲ್ಲ. ಆವತ್ತು ಟೇಪು ಇನ್ನೊಬ್ಬರ ಕೈಲೂ ಇತ್ತು... ಹೌದು, ನಾನೇ ಸುತ್ತಿದ್ದು. ಈ ಕೈಯಾರೆ. ಆಮೇಲೆ ಕಿತ್ತು ಕಾಲುಚೀಲದೊಳಗೆ ತುರುಕಿದ್ದನ್ನೂ ನೋಡಿದೆ... ನಾನು ಬಂದು ಸಮಿತಿ ಮುಂದೆ ಹೇಳ್ತೀನಿ, ಸ್ಕೂಲಿಗೂ ಹೋಗಿ ಹೇಳ್ತೀನಿ... ಯಾರು ಅಂದ್ರೆ... ಹಲೋ, ಕೇಳಿಸ್ತಿದೆಯಾ?..."

ಅವನು ಮಗಳ ಕಡೆ ನೋಡಬಾರದು ಅಂದುಕೊಂಡು ನೋಡಿದ. ಅವಳ ಕೈಯಲ್ಲಿ ಸೀಮೆಸುಣ್ಣದ ಪುಡಿ ಹಾಗೇ ಇತ್ತು.

"ನಮ್ಮ ಕ್ಯಾಪ್ಟನ್ ಮೇಷ್ಟ್ರೇ. ನನ್ನ ಅಳಿಯ. ಆ ಕಣ್ಣಿಗೆ ಬೆರಳು ಹಾಕಿದ್ದು ನನ್ನ ಅಳಿಯ... ಹಲೋ?... ಮೇಷ್ಟ್ರೇ?... ಹಲೋ, ಹಲೋ..."

ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತೋ ಏನೋ, ಫೋನು ಸತ್ತಿತ್ತು. ಮೇಷ್ಟ್ರಿಗೆ ಎಲ್ಲಿಯ ತನಕ ಕೇಳಿಸಿತೋ, ಹೆಸರು ಮುಟ್ಟಿತೋ ಇಲ್ಲವೋ, ಕೋಚ್‌ಗೆ ಗೊತ್ತಾಗಲಿಲ್ಲ. ಇನ್ನೊಮ್ಮೆ ಮಾಡಿ ಇನ್ನೊಮ್ಮೆ ಹೇಳಬೇಕು. ಆದರೆ ಮಗಳಿಗೆ ಇನ್ನೊಮ್ಮೆ ಹೇಳುವ ಅಗತ್ಯವಿರಲಿಲ್ಲ. ಅವಳಿಗೆ ಪೂರ್ತಿ ಕೇಳಿಸಿತ್ತು.